ಶೀಟು ಗಟ್ಟಿಯಾದರೆ ಬೆಸುಗೆಯೂ ಗಟ್ಟಿಯಾಗುತ್ತಾ?

ಶೀಟ್ ಮೆಟಲ್ ಘಟಕಗಳ ಆಪರೇಟರುಗಳು, ಸೂಪರ್‌ವೈಸರುಗಳು, ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಸ್ಪಾಟ್ ವೆಲ್ಡಿಂಗ್ ಬಗ್ಗೆ, ಅಂದರೆ ಶೀಟುಗಳನ್ನು ಒತ್ತಿ ಹಿಡಿದು ಕರೆಂಟ್ ಹರಿಸಿ ಚುಕ್ಕೆ ಚುಕ್ಕೆಯಾಗಿ ಬೆಸೆಯುವುದರ ಬಗ್ಗೆ, ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ದಿನಾ ಸ್ಪಾಟ್ ಗನ್ ಹಿಡಿಯುವವರು, ಇಲ್ಲಾ ಆ ಕೆಲಸ ನೋಡಿಕೊಳ್ಳುವವರು. ಹಾಗಾಗಿ ಅಆಇಈಯಿಂದ ಶುರು ಮಾಡಲ್ಲ.

ಒಂದು ಕಾರಿನ ಬಾಡಿಯಲ್ಲಿ ಸಾಮಾನ್ಯವಾಗಿ 3000ದಿಂದ 5000 ಸ್ಪಾಟ್‌ಗಳು ಇರುತ್ತವೆ. ಹಿಂದೆ ಅದರಲ್ಲಿ ಬಹುಪಾಲು ಬೀಳುತ್ತಿದ್ದದ್ದು ಸಾದಾ ಮೈಲ್ಡ್ ಸ್ಟೀಲ್ ಮೇಲೆ. ಸುಮಾರು 300 ಮೆಗಾಪ್ಯಾಸ್ಕಲ್ ಎಳೆತ ತಾಳುವ ಮೆತ್ತನೆ ಶೀಟು ಅದು. ಈಗ ಅದೇ ಬಾಡಿಯಲ್ಲಿ 590, 780, 980 ಮೆಗಾಪ್ಯಾಸ್ಕಲ್‌ನ ಡ್ಯುಯಲ್ ಫೇಸ್ ಉಕ್ಕು, ಅಂದರೆ ಒಳಗೆ ಮೆತ್ತನೆ ಭಾಗ, ಗಡುಸು ಭಾಗ ಎರಡೂ ಬೆರೆತಿರುವ ಉಕ್ಕು ಬಂದಿದೆ. ಮುಂದಿನ ಬಾಗಿಲು, ಹಿಂದಿನ ಬಾಗಿಲಿನ ನಡುವೆ ನಿಲ್ಲುವ ಬಿ-ಪಿಲ್ಲರ್ ಎಷ್ಟೋ ಕಾರುಗಳಲ್ಲಿ 1500 ಮೆಗಾಪ್ಯಾಸ್ಕಲ್‌ನ ಬೋರಾನ್ ಉಕ್ಕಿನದು. ಐದು ಪಟ್ಟು ಗಟ್ಟಿ. ಶೀಟು ಐದು ಪಟ್ಟು ಗಟ್ಟಿಯಾಯಿತಲ್ಲ, ಹಾಗಾದರೆ ಜಾಯಿಂಟೂ ಐದು ಪಟ್ಟು ಗಟ್ಟಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಡ್ರಾಯಿಂಗ್ ಮಾಡುವವರೂ ಅಂದುಕೊಂಡಿರುತ್ತಾರೆ. ಹಾಗಾಗಲ್ಲ. ಕೆಲವು ಕಡೆ ಜಾಯಿಂಟಿನ ಬಲ ಮೊದಲಿಗಿಂತ ಕಡಿಮೆಯೇ ಆಗುತ್ತದೆ. ಇವತ್ತು ನಾನು ಹೇಳಬೇಕಾಗಿರುವುದು ಇದೊಂದೇ. ಯಾಕೆ ಹೀಗಾಗುತ್ತದೆ, ಶಾಪ್‌ನಲ್ಲಿ ನಾವು ಏನು ಮಾಡಬಹುದು ಅನ್ನುವುದನ್ನು ನಿಧಾನವಾಗಿ ನೋಡೋಣ.

ಈ ಉಕ್ಕು ಯಾಕೆ ಬಂತು ಅಂತ ಎರಡೇ ಮಾತು. ಕಾರಿನ ತೂಕ ಇಳಿಸಬೇಕು, ಒಳಗಿದ್ದವರ ಜೀವವನ್ನೂ ಉಳಿಸಬೇಕು. ನಮ್ಮ ದೇಶದಲ್ಲಿ 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್, ಅಂದರೆ ಕಾರಿಗೆ ಡಿಕ್ಕಿ ಹೊಡೆಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ವ್ಯವಸ್ಥೆ, ಜಾರಿಗೆ ಬಂತು. ಮುಂದಿನಿಂದ ಗಂಟೆಗೆ 64 ಕಿಲೋಮೀಟರ್, ಪಕ್ಕದಿಂದ 50 ಕಿಲೋಮೀಟರ್ ವೇಗದ ಡಿಕ್ಕಿ, ಆಮೇಲೆ 29 ಕಿಲೋಮೀಟರ್ ವೇಗದಲ್ಲಿ ಕಾರಿನ ಪಕ್ಕೆಯನ್ನು ಕಂಬಕ್ಕೆ ಹೊಡೆಸುವ ಪರೀಕ್ಷೆ. ಈಗ ಗಿರಾಕಿಗಳೇ ಶೋರೂಮಿಗೆ ಹೋಗಿ ಎಷ್ಟು ಸ್ಟಾರ್ ಅಂತ ಕೇಳುತ್ತಾರೆ. ಸ್ಟಾರ್ ಬೇಕು ಅಂದರೆ ಕಂಬಕ್ಕೆ ಹೊಡೆದಾಗ ಬಿ-ಪಿಲ್ಲರ್ ಒಳಗೆ ನುಗ್ಗಬಾರದು. ಪಿಲ್ಲರ್ ಎಷ್ಟೇ ಗಟ್ಟಿ ಇರಲಿ, ಅದನ್ನು ಮೇಲೆ ಚಾವಣಿಯ ಅಂಚಿನ ರೂಫ್ ರೈಲಿಗೂ ಕೆಳಗೆ ಬಾಗಿಲಡಿಯ ರಾಕರ್‌ಗೂ ಹಿಡಿದಿಟ್ಟಿರುವುದು ಕಿರುಬೆರಳ ಉಗುರಿನಷ್ಟು ಅಗಲದ ಸ್ಪಾಟ್‌ಗಳು. ಅವು ಬಿಟ್ಟರೆ ಪಿಲ್ಲರ್ ಇದ್ದೂ ಇಲ್ಲದ ಹಾಗೆ.

ನಮ್ಮ ರಾಜ್ಯಕ್ಕೂ ಇದು ದೂರದ ಸಂಗತಿಯಲ್ಲ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆಯಲ್ಲಿ ಕಾರಿನ ಶೀಟು ತಯಾರಾಗುತ್ತದೆ. ಬಿಡದಿಯಲ್ಲಿ ಟೊಯೊಟಾ ಕಾರುಗಳು ತಯಾರಾಗುತ್ತವೆ. ಇವುಗಳ ನಡುವೆ ಪೀಣ್ಯದಂಥ ಜಾಗಗಳಲ್ಲಿ ಬ್ರಾಕೆಟ್, ರೀಇನ್‌ಫೋರ್ಸ್‌ಮೆಂಟ್, ಸೀಟ್ ಫ್ರೇಮ್ ಮಾಡುವ ಸಣ್ಣ ಸಣ್ಣ ಘಟಕಗಳಿವೆ. ದೊಡ್ಡ ಕಂಪನಿಯಲ್ಲಿ ರೋಬೋಟ್ ಇರುತ್ತದೆ, ವೆಲ್ಡಿಂಗ್ ಲ್ಯಾಬ್ ಇರುತ್ತದೆ. ಸಣ್ಣ ಘಟಕದಲ್ಲಿ ಹಳೇ ಪೆಡೆಸ್ಟಲ್ ಮಷೀನ್ ಮುಂದೆ ಹೊಸ ಗ್ರೇಡಿನ ಶೀಟು ಬಂದು ಬೀಳುತ್ತದೆ, ಅಷ್ಟೇ. ನನ್ನ ಕಾಳಜಿ ಜಾಸ್ತಿ ಇರುವುದು ಅಲ್ಲಿ.

ಸರಿ, ಈಗ ಶೀಟನ್ನು ಎರಡೂ ಕಡೆಯಿಂದ ಒತ್ತಿ ಕರೆಂಟ್ ಕೊಡುವ ಟಿಪ್ಪುಗಳ ಮಧ್ಯೆ ಏನಾಗುತ್ತದೆ ಅಂತ ಹತ್ತಿರದಿಂದ ನೋಡೋಣ.

1 ಮಿಲಿಮೀಟರ್ ದಪ್ಪದ ಎರಡು ಮೈಲ್ಡ್ ಸ್ಟೀಲ್ ಶೀಟು ತಗೊಳ್ಳಿ. ಟಿಪ್ಪುಗಳು ಸುಮಾರು 200-250 ಕೆಜಿ ಭಾರದಲ್ಲಿ ಒತ್ತುತ್ತವೆ. 8-9 ಸಾವಿರ ಆಂಪಿಯರ್ ಕರೆಂಟ್ ಹರಿಯುತ್ತದೆ. ವೋಲ್ಟೇಜ್ ಕೆಲವೇ ವೋಲ್ಟ್. ಸಮಯ 10-12 ಸೈಕಲ್. ನಮ್ಮ 50 ಹರ್ಟ್ಸ್ ಲೈನಿನಲ್ಲಿ ಒಂದು ಸೈಕಲ್ ಅಂದರೆ 20 ಮಿಲಿಸೆಕೆಂಡ್. ಅಂದರೆ ಕಾಲು ಸೆಕೆಂಡಿನೊಳಗೆ ಎಲ್ಲಾ ಮುಗಿಯಿತು. ಶೀಟಿಗೆ ಶೀಟು ತಾಗುವ ಜಾಗದಲ್ಲಿ ರೆಸಿಸ್ಟೆನ್ಸ್ ಜಾಸ್ತಿ, ಅಲ್ಲೇ ಮೊದಲು ಬಿಸಿಯಾಗುತ್ತದೆ. ಹೊರಗಡೆ ತಾಮ್ರದ ಟಿಪ್ಪು, ಅದರೊಳಗೆ ನೀರು, ಅದಕ್ಕೇ ಹೊರಮೈ ಕರಗಲ್ಲ. ಒಳಗೆ 1500 ಡಿಗ್ರಿ ದಾಟಿ ಉಕ್ಕು ಕರಗುತ್ತದೆ, ಸುತ್ತಲಿನ ಗಟ್ಟಿ ಉಕ್ಕು ಮತ್ತು ಟಿಪ್ಪಿನ ಒತ್ತಡ ಸೇರಿ ಆ ದ್ರವವನ್ನು ಒಳಗೇ ಹಿಡಿದಿಡುತ್ತವೆ. ಅದೇ ನಗೆಟ್. ಅದರ ಅಗಲಕ್ಕೆ ಶಾಪ್‌ನಲ್ಲಿ ಬಳಸುವ ಲೆಕ್ಕ ನಿಮಗೆ ಗೊತ್ತೇ ಇದೆ. ಶೀಟಿನ ದಪ್ಪದ ವರ್ಗಮೂಲದ 4ರಿಂದ 5 ಪಟ್ಟು. 1 ಮಿ.ಮೀ. ಶೀಟಿಗೆ 4-5 ಮಿ.ಮೀ., 1.6 ಮಿ.ಮೀ. ಶೀಟಿಗೆ 5ರಿಂದ 6.3 ಮಿ.ಮೀ.

ಕರೆಂಟ್ ನಿಲ್ಲಿಸಿದ ಮರುಕ್ಷಣ ಏನಾಗುತ್ತದೆ ಅನ್ನುವುದನ್ನು ತುಂಬಾ ಜನ ಗಮನಿಸಲ್ಲ. ಗಟ್ಟಿ ಶೀಟಿನ ಕಥೆ ಎಲ್ಲಾ ಇರುವುದು ಅಲ್ಲೇ. ನೀರು ಹರಿಯುವ ತಾಮ್ರ ಎರಡೂ ಕಡೆಯಿಂದ ಒತ್ತಿ ಹಿಡಿದಿದೆ. ತೆಳು ಶೀಟಿನಲ್ಲಿ ನಗೆಟ್ ಸೆಕೆಂಡಿಗೆ ಸಾವಿರಾರು ಡಿಗ್ರಿ ವೇಗದಲ್ಲಿ ತಣಿಯುತ್ತದೆ. ಬೋರಾನ್ ಉಕ್ಕನ್ನು ಗಡುಸು ಮಾಡಲು ಸೆಕೆಂಡಿಗೆ ಸುಮಾರು 30 ಡಿಗ್ರಿ ವೇಗದಲ್ಲಿ ತಣಿಸಿದರೆ ಸಾಕು. ನಾವು ಅದರ ನೂರು ಪಟ್ಟು ವೇಗದಲ್ಲಿ ತಣಿಸುತ್ತಿದ್ದೇವೆ. ಹಾಗಾಗಿ ಕಾರ್ಬನ್ ಸ್ವಲ್ಪ ಇದ್ದರೂ ಸಾಕು, ನಗೆಟ್ ಪೂರ್ತಿ ಮಾರ್ಟೆನ್ಸೈಟ್, ಅಂದರೆ ಥಟ್ಟನೆ ತಣಿದ ಉಕ್ಕಿನ ಗಡುಸು ರೂಪ, ಆಗಿಬಿಡುತ್ತದೆ. ಮಾರ್ಟೆನ್ಸೈಟ್ ಎಷ್ಟು ಗಡುಸು ಅನ್ನುವುದು ಕಾರ್ಬನ್ ಮೇಲೆ ನಿಂತಿದೆ. ಶೇ. 0.1 ಕಾರ್ಬನ್ ಇದ್ದರೆ ವಿಕರ್ಸ್ ಅಳತೆಯಲ್ಲಿ 380ರ ಆಸುಪಾಸು. ಶೇ. 0.2 ದಾಟಿದರೆ 450ರಿಂದ 500. ಗಡುಸು ಏರಿದಂತೆ ಬಾಗುವ ಗುಣ ಇಳಿಯುತ್ತದೆ.

ಈಗ ಜಾಯಿಂಟನ್ನು ಎಳೆಯೋಣ. ಗೋಡೆಗೆ ಅಂಟಿಸಿದ ಪೋಸ್ಟರನ್ನು ಗೋಡೆಯ ಉದ್ದಕ್ಕೆ ಜಾರಿಸಿ ಕೀಳಲು ನೋಡಿ, ಆಗಲ್ಲ. ಅದೇ ಒಂದು ಮೂಲೆ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ಸರ್ರನೆ ಬರುತ್ತದೆ. ಸ್ಪಾಟಿನಲ್ಲೂ ಹಾಗೇ. ಶೀಟುಗಳು ಒಂದರ ಮೇಲೊಂದು ಜಾರುವ ಹಾಗೆ ಎಳೆದರೆ ಅದು ಶಿಯರ್. ಶೀಟುಗಳು ಒಂದರಿಂದೊಂದು ದೂರವಾಗುವ ಹಾಗೆ ಎಳೆದರೆ ಅದು ಪೀಲ್. ಲ್ಯಾಬಿನಲ್ಲಿ ಎರಡು ಪಟ್ಟಿಗಳನ್ನು ಅಡ್ಡಡ್ಡ ಇಟ್ಟು ಕ್ರಾಸ್ ಟೆನ್ಷನ್ ಅಂತ ಪರೀಕ್ಷೆ ಮಾಡುತ್ತಾರೆ, ಅದೂ ಈ ಎರಡನೇ ಜಾತಿಯದೇ.

ಶಿಯರ್‌ನಲ್ಲಿ ಶೀಟಿನ ಬಲ ಏರಿದಂತೆ ಸ್ಪಾಟಿನ ಬಲವೂ ಏರುತ್ತದೆ. ತುಂಬಾ ಗಟ್ಟಿ ಗ್ರೇಡಿನವರೆಗೂ ಇದು ನಿಜ. ಕ್ರಾಸ್ ಟೆನ್ಷನ್‌ನಲ್ಲಿ ಹಾಗಲ್ಲ. ಸುಮಾರು 780 ಮೆಗಾಪ್ಯಾಸ್ಕಲ್ ಹತ್ತಿರಕ್ಕೆ ಬರುವಷ್ಟರಲ್ಲಿ ಏರಿಕೆ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಶೀಟು ಗಟ್ಟಿಯಾದಷ್ಟೂ ಸ್ಪಾಟಿನ ಬಲ ಇಳಿಯುತ್ತದೆ. ಸಾಮಾನ್ಯವಾಗಿ ಒಂದು ಗ್ರಾಫಿನಲ್ಲಿ ಎರಡೂ ಗೆರೆ ಹಾಕಿ ತೋರಿಸುತ್ತಾರೆ. ಶುರುವಿನಲ್ಲಿ ಜೊತೆಯಾಗಿ ಹೋಗುವ ಗೆರೆಗಳು ಆಮೇಲೆ ಬೇರೆ ಬೇರೆ ದಾರಿ ಹಿಡಿಯುತ್ತವೆ. ಈ ವಿಷಯ ಕಲಿಯುವವರು ಮೊದಲು ನೋಡಬೇಕಾದ ಚಿತ್ರ ಅದು ಅಂತ ನನ್ನ ಅಭಿಪ್ರಾಯ.

ಯಾಕೆ ಹೀಗೆ? ಒಂದು ಸ್ಪಾಟನ್ನು ನಡುವೆ ಕತ್ತರಿಸಿ, ಪಾಲಿಶ್ ಮಾಡಿ, ನೈಟಾಲ್ ಅನ್ನುವ ಆಸಿಡ್ ದ್ರಾವಣ ಹಚ್ಚಿ ಮೈಕ್ರೋಸ್ಕೋಪಿನ ಕೆಳಗೆ ಇಡಿ. ನಗೆಟ್ ಮುಗಿಯುವ ಅಂಚಿನಲ್ಲಿ ಎರಡು ಶೀಟುಗಳ ನಡುವಿನ ಸಂದು ಚೂಪಾಗಿ ಕೊನೆಯಾಗುವುದು ಕಾಣುತ್ತದೆ. ಅದು ಹುಟ್ಟಿನಿಂದಲೇ ಇರುವ ಬಿರುಕು ಅಂತ ತಿಳಿದುಕೊಳ್ಳಿ. ಮೆತ್ತನೆ ಶೀಟನ್ನು ಎಳೆದಾಗ ಆ ಅಂಚಿನ ಸುತ್ತ ಶೀಟು ಬಾಗುತ್ತದೆ, ಹಿಗ್ಗುತ್ತದೆ. ಚೂಪು ಮೊಂಡಾಗುತ್ತದೆ. ಕೊನೆಗೆ ನಗೆಟ್ಟಿನ ಸುತ್ತಲಿನ ಶೀಟೇ ಹರಿದು, ನಗೆಟ್ ಗುಂಡಿಯ ಹಾಗೆ ಇಡಿಯಾಗಿ ಕಿತ್ತು ಬರುತ್ತದೆ, ಅದೇ ಬಟನ್. ಗಟ್ಟಿ ಶೀಟು ಬಾಗಲು ಒಪ್ಪಲ್ಲ. ಎಳೆತವೆಲ್ಲಾ ಆ ಚೂಪು ತುದಿಗೇ ಬಂದು ಸೇರುತ್ತದೆ. ಎದುರಿಗೆ ಇರುವುದು ಗಡುಸಾದ, ಬಾಗದ ಮಾರ್ಟೆನ್ಸೈಟ್. ಬಿರುಕು ಸೀದಾ ನಗೆಟ್ಟಿನ ಹೊಟ್ಟೆಯೊಳಗೇ ಓಡುತ್ತದೆ. ಬಟನ್ ಬರುವ ಬದಲು ಎರಡೂ ಶೀಟಿನ ಮೇಲೆ ಚಪ್ಪಟೆ ಬೂದುಬಣ್ಣದ ಗುರುತು ಉಳಿಯುತ್ತದೆ.

ಫಾಸ್ಫರಸ್, ಗಂಧಕ ಇದ್ದರೆ ಇನ್ನೂ ಕೆಟ್ಟದ್ದು. ನಗೆಟ್ ಅಂಚಿನಿಂದ ನಡುವಿಗೆ ಗಟ್ಟಿಯಾಗುತ್ತಾ ಬರುವಾಗ ಈ ಎರಡೂ ಕಡೆಯದಾಗಿ ಗಟ್ಟಿಯಾಗುವ ಸಂದುಗಳಿಗೆ ತಳ್ಳಲ್ಪಟ್ಟು ಅಲ್ಲೇ ಕೂತುಬಿಡುತ್ತವೆ. ಅದಕ್ಕೇ ಸ್ಪಾಟ್ ವೆಲ್ಡಿಂಗ್‌ಗೆ ಅಂತ ಒಂದು ಬೇರೆ ಕಾರ್ಬನ್ ಲೆಕ್ಕ ಬಳಕೆಯಲ್ಲಿದೆ. ಕಾರ್ಬನ್ನಿಗೆ ಸಿಲಿಕಾನಿನ ಮೂವತ್ತನೇ ಒಂದು ಪಾಲು, ಮ್ಯಾಂಗನೀಸಿನ ಇಪ್ಪತ್ತನೇ ಒಂದು ಪಾಲು, ಫಾಸ್ಫರಸ್‌ನ ಎರಡು ಪಟ್ಟು, ಗಂಧಕದ ನಾಲ್ಕು ಪಟ್ಟು ಸೇರಿಸಿ. ಮೊತ್ತ 0.24ರ ಒಳಗಿದ್ದರೆ ಒಳ್ಳೆಯದು. 590 ಗ್ರೇಡಿನ ಒಂದು ಶೀಟಿನ ಟಿಸಿಯಲ್ಲಿ, ಅಂದರೆ ಟೆಸ್ಟ್ ಸರ್ಟಿಫಿಕೇಟಿನಲ್ಲಿ, ಕಾರ್ಬನ್ 0.08, ಸಿಲಿಕಾನ್ 0.3, ಮ್ಯಾಂಗನೀಸ್ 1.6, ಫಾಸ್ಫರಸ್ 0.015, ಗಂಧಕ 0.003 ಇದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ 0.21 ಬರುತ್ತದೆ. ನಿಶ್ಚಿಂತೆ. ಉಳಿದವು ಅಷ್ಟೇ ಇದ್ದು, ಕಾರ್ಬನ್ 0.22, ಮ್ಯಾಂಗನೀಸ್ 1.2 ಇರುವ ಬೋರಾನ್ ಉಕ್ಕಿಗೆ ಇದೇ ಲೆಕ್ಕ ಹಾಕಿ, 0.32 ದಾಟುತ್ತದೆ. ಕಾಯಿಲ್ ಜೊತೆ ಬರುವ ಟಿಸಿಯನ್ನು ಸ್ಟೋರಿನ ಫೈಲಿಗೆ ಸೇರಿಸುವ ಮುಂಚೆ ಈ ಕೂಡುವ ಲೆಕ್ಕ ಮಾಡಿ. ಐದು ನಿಮಿಷದ ಕೆಲಸ. ಯಾವ ಕಾಯಿಲ್ ಹತ್ತಿರ ಹುಷಾರಾಗಿರಬೇಕು ಅಂತ ಮೊದಲೇ ಗೊತ್ತಾಗುತ್ತದೆ.

ಇನ್ನು ಮಷೀನ್ ಸೆಟ್ಟಿಂಗ್. ಗಟ್ಟಿ ಶೀಟಿಗೆ ಕರೆಂಟ್ ಜಾಸ್ತಿ ಬೇಕು ಅಂತ ಹೊಸಬರು ಡಯಲ್ ತಿರುಗಿಸುತ್ತಾರೆ. ಉಲ್ಟಾ. ಮಿಶ್ರಣ ಜಾಸ್ತಿ ಇರುವ ಉಕ್ಕಿನ ರೆಸಿಸ್ಟೆನ್ಸೇ ಜಾಸ್ತಿ, ಹಾಗಾಗಿ ಅದು ಕಡಿಮೆ ಕರೆಂಟಿಗೇ ಬಿಸಿಯಾಗುತ್ತದೆ. ಏರಿಸಬೇಕಾದ್ದು ಒತ್ತಡ. ಪ್ರೆಸ್ ಆದ ಮೇಲೆ ಗಟ್ಟಿ ಶೀಟು ಸ್ಪ್ರಿಂಗ್ ಬ್ಯಾಕ್ ಆಗುತ್ತದೆ, ಬೆಸೆಯುವ ಅಂಚುಗಳಾದ ಫ್ಲೇಂಜ್‌ಗಳು ಒಂದಕ್ಕೊಂದು ಸರಿಯಾಗಿ ಕೂರಲ್ಲ. ಟಿಪ್ಪಿನ ಒತ್ತಡದಲ್ಲಿ ಒಂದು ಪಾಲು ಆ ಗ್ಯಾಪ್ ಮುಚ್ಚುವುದಕ್ಕೇ ಖರ್ಚಾಗುತ್ತದೆ. ಉಳಿದದ್ದು ಸಾಲದೆ ಹೋದರೆ ಕರಗಿದ ಉಕ್ಕು ಸಂದಿನಿಂದ ಚಿಮ್ಮುತ್ತದೆ. ಕಿಡಿ ಹಾರಿದರೆ ವೆಲ್ಡ್ ಚೆನ್ನಾಗಿ ಬಿತ್ತು ಅನ್ನುವ ನಂಬಿಕೆ ಕೆಲವು ಶಾಪುಗಳಲ್ಲಿ ಇನ್ನೂ ಇದೆ. ಹಾರಿಹೋದ ಪ್ರತಿ ಕಿಡಿಯೂ ನಗೆಟ್ಟಿನೊಳಗೆ ಇರಬೇಕಾಗಿದ್ದ ಲೋಹ. ಅದರ ಜಾಗದಲ್ಲಿ ಒಳಗೆ ಪೊಳ್ಳು ಉಳಿಯುತ್ತದೆ.

ಒತ್ತಡ ಏರಿಸಿ ಅಂದರೆ ಮೊದಲು ಸಿಲಿಂಡರ್ ನೋಡಿ. ನೇರವಾಗಿ ಒತ್ತುವ 80 ಮಿ.ಮೀ. ಬೋರಿನ ಸಿಲಿಂಡರ್ 5 ಬಾರ್ ಗಾಳಿಯಲ್ಲಿ ಕೊಡುವುದು ಸುಮಾರು 255 ಕೆಜಿ. ಮೈಲ್ಡ್ ಸ್ಟೀಲಿಗೆ ಸಾಕು. 980 ಗ್ರೇಡಿನ ಶೀಟಿಗೆ 350-400 ಕೆಜಿ ಬೇಕಾದರೆ 100 ಮಿ.ಮೀ. ಬೋರು ಬೇಕು. ರೆಗ್ಯುಲೇಟರ್ ತಿರುಗಿಸಿದರೆ ಸಾಲದು. ಪಕ್ಕದ ಲೈನಿನಲ್ಲಿ ಯಾರೋ ಗಾಳಿ ಎಳೆದು ಪ್ರೆಶರ್ 4 ಬಾರಿಗೆ ಇಳಿದರೆ ನಿಮ್ಮ 255 ಕೆಜಿ 205ಕ್ಕೆ ಇಳಿಯಿತು. ಕಂಟ್ರೋಲರಿನ ಸ್ಕ್ರೀನ್ ಮೇಲೆ ಅದೇನೂ ಕಾಣಲ್ಲ. ವೋಲ್ಟೇಜಿನ ಕಥೆಯೂ ಇದೇ. ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ, ಸಂಜೆ ಹೊತ್ತು ವೋಲ್ಟೇಜ್ ಶೇ. 10 ಇಳಿದು ಕರೆಂಟೂ ಅಷ್ಟೇ ಇಳಿದರೆ ಶಾಖ ಶೇ. 19 ಕಡಿಮೆಯಾಗುತ್ತದೆ. ಮೈಲ್ಡ್ ಸ್ಟೀಲಿನಲ್ಲಿ ಇಷ್ಟು ಏರುಪೇರು ಸಹಿಸಿಕೊಳ್ಳುವಷ್ಟು ಜಾಗ ಇರುತ್ತಿತ್ತು. ಗಟ್ಟಿ ಗ್ರೇಡುಗಳಲ್ಲಿ ನಗೆಟ್ ಸಾಲದಾಗುವ ಕರೆಂಟಿಗೂ ಕಿಡಿ ಹಾರುವ ಕರೆಂಟಿಗೂ ನಡುವಿನ ಅಂತರ ಕಿರಿದು. ಕಾನ್‌ಸ್ಟಂಟ್ ಕರೆಂಟ್ ಕಂಟ್ರೋಲರ್ ಹಾಕಿಸಿಕೊಳ್ಳಿ ಅಂತ ಮಾಲೀಕರಿಗೆ ಹೇಳಲು ಇಷ್ಟು ಕಾರಣ ಸಾಕು.

ಈಗ ಜಿಂಕ್. ಕಾರಿನ ಶೀಟು ತುಕ್ಕು ಹಿಡಿಯದಿರಲಿ ಅಂತ ಸತುವಿನ ಲೇಪ ಹಾಕಿರುತ್ತಾರೆ. ಸತು ಕರಗುವುದು 420 ಡಿಗ್ರಿಗೆ, ಕುದಿಯುವುದು 907 ಡಿಗ್ರಿಗೆ. ಉಕ್ಕು ಕರಗುವ ಎಷ್ಟೋ ಮೊದಲೇ ಸತು ನೀರಾಗಿರುತ್ತದೆ. ಟಿಪ್ಪಿನ ತಾಮ್ರದ ಜೊತೆ ಬೆರೆತು ಹಿತ್ತಾಳೆಯಾಗುತ್ತದೆ. ಟಿಪ್ಪಿನ ಮುಖ ಹಳದಿ ತಿರುಗುವುದನ್ನು ನೀವೆಲ್ಲಾ ನೋಡಿದ್ದೀರಿ. ಹಿತ್ತಾಳೆ ಮೆತ್ತಗೆ, ಹಾಗಾಗಿ ಮುಖ ಅಗಲವಾಗುತ್ತಾ ಹೋಗುತ್ತದೆ. 6 ಮಿ.ಮೀ. ಇದ್ದದ್ದು 7 ಆದರೆ ಒಂದು ಮಿ.ಮೀ. ತಾನೆ ಅನ್ನಿಸುತ್ತದೆ. ವಿಸ್ತೀರ್ಣ ಶೇ. 36 ಏರಿರುತ್ತದೆ. ಅದೇ ಕರೆಂಟು, ಆದರೆ ಹರಡಿಹೋಯಿತು. ನಗೆಟ್ ಸಣ್ಣದಾಯಿತು. ಅದಕ್ಕೇ ಟಿಪ್ ಡ್ರೆಸ್ಸಿಂಗ್, ಅಂದರೆ ಮುಖವನ್ನು ಕೆತ್ತಿ ಮತ್ತೆ ಮೊದಲಿನ ಆಕಾರಕ್ಕೆ ತರುವುದು. ಫೈಲ್ ಹಿಡಿದು ಕೈಯಲ್ಲಿ ಉಜ್ಜುವುದನ್ನು ದಯವಿಟ್ಟು ಬಿಡಿ, ಮುಖ ಓರೆಯಾಗುತ್ತದೆ. ಡ್ರೆಸ್ಸರ್ ಕಟರ್ ಬಳಸಿ. ಪ್ರತಿ ಟಿಪ್ಪಿಗೂ ನಿಮಿಷಕ್ಕೆ 4 ಲೀಟರ್ ಆಸುಪಾಸಿನಲ್ಲಿ ನೀರು ಹರಿಯುತ್ತಿದೆಯಾ ಅಂತ ಶಿಫ್ಟ್ ಶುರುವಿನಲ್ಲೇ ನೋಡಿಕೊಳ್ಳಿ.

ಗಟ್ಟಿ ಉಕ್ಕಿನಲ್ಲಿ ಈ ಸತು ಇನ್ನೊಂದು ಕೆಟ್ಟ ಕೆಲಸ ಮಾಡುತ್ತದೆ. ದ್ರವ ಸತು, ಕಾದ ಉಕ್ಕು, ಎಳೆತ ಈ ಮೂರೂ ಒಂದೇ ಕ್ಷಣದಲ್ಲಿ ಒಂದೇ ಜಾಗದಲ್ಲಿ ಸೇರಿದರೆ ಸತು ಉಕ್ಕಿನ ಕಣಗಳ ಗಡಿಯೊಳಗೆ ನುಗ್ಗಿ ಅದನ್ನು ಸೀಳುತ್ತದೆ. ಲಿಕ್ವಿಡ್ ಮೆಟಲ್ ಎಂಬ್ರಿಟಲ್‌ಮೆಂಟ್ ಅನ್ನುತ್ತಾರೆ, ಶಾಪ್‌ನಲ್ಲಿ ಎಲ್‌ಎಂಇ. ಮೈಲ್ಡ್ ಸ್ಟೀಲಿನಲ್ಲಿ ಇದನ್ನು ಕಂಡವರು ಕಡಿಮೆ. ಟ್ರಿಪ್ ಜಾತಿಯ ಉಕ್ಕಿನಲ್ಲಿ, ಅಂದರೆ ಸಿಲಿಕಾನ್ ಜಾಸ್ತಿ ಹಾಕಿ ಒಳಗೆ ಆಸ್ಟೆನೈಟ್ ಅನ್ನುವ ಇನ್ನೊಂದು ರೂಪವನ್ನು ಉಳಿಸಿಕೊಂಡಿರುವ ಉಕ್ಕಿನಲ್ಲಿ ಜಾಸ್ತಿ ಕಾಣುತ್ತದೆ. ಎಲ್ಲಿ ಹುಡುಕಬೇಕು? ಟಿಪ್ಪಿನ ಅಚ್ಚು ಬಿದ್ದ ತಗ್ಗಿನ ಅಂಚು ನೋಡಿ, ಅಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳಿರುತ್ತವೆ. ಮೇಲಿನ ಸತುವನ್ನು ಆಸಿಡ್ಡಿನಲ್ಲಿ ತೆಗೆದು ಲೆನ್ಸ್ ಇಟ್ಟು ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತವೆ. ಕೆಲವು ಬಿರುಕುಗಳು ಎರಡು ಶೀಟಿನ ನಡುವೆಯೂ ಹುಟ್ಟುತ್ತವೆ, ಅವು ಕತ್ತರಿಸಿ ನೋಡದೆ ಸಿಗಲ್ಲ.

ಇದಕ್ಕೆ ಮದ್ದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಗನ್ ಶೀಟಿಗೆ ಲಂಬವಾಗಿರಬೇಕು. ಕೆಲವೇ ಡಿಗ್ರಿ ಓರೆಯಾದರೂ ಒಂದು ಪಕ್ಕಕ್ಕೆ ಎಳೆತ ಬೀಳುತ್ತದೆ. ಮೇಲಿನ ಟಿಪ್ಪು, ಕೆಳಗಿನ ಟಿಪ್ಪು ನೇರಕ್ಕೆ ನೇರ ಇರಬೇಕು. ಫಿಕ್ಸ್ಚರಿನ ಕ್ಲಾಂಪ್ ಗ್ಯಾಪ್ ಮುಚ್ಚಬೇಕು, ಆ ಕೆಲಸವನ್ನು ಟಿಪ್ಪಿಗೆ ಬಿಡಬಾರದು. ಕರೆಂಟ್ ಕಿಡಿಯ ಅಂಚಿಗೆ ಹೋಗಬಾರದು. ಕರೆಂಟ್ ನಿಂತ ಮೇಲೆ ಟಿಪ್ಪು ಒತ್ತಿ ಹಿಡಿದಿರುವ ಹೊತ್ತು, ಅಂದರೆ ಹೋಲ್ಡ್ ಟೈಮ್, ಸ್ವಲ್ಪ ಜಾಸ್ತಿ ಕೊಡಿ. ಸತು ದ್ರವವಾಗಿರುವಾಗಲೇ ಟಿಪ್ಪು ಎತ್ತಿದರೆ ಶೀಟು ಒಮ್ಮೆಲೇ ಹಿಂದಕ್ಕೆ ಜಿಗಿದು ಎಳೆತ ಹುಟ್ಟಿಸುತ್ತದೆ. ಉತ್ಪಾದನೆ ಏರಿಸಬೇಕು ಅಂದಾಗ ಎಲ್ಲರೂ ಮೊದಲು ಕೈ ಹಾಕುವುದು ಹೋಲ್ಡ್ ಟೈಮಿಗೇ. ಗಟ್ಟಿ ಗ್ರೇಡಿನ ಪಾರ್ಟುಗಳಲ್ಲಿ ಹಾಗೆ ಮಾಡಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಬಿ-ಪಿಲ್ಲರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬೋರಾನ್ ಉಕ್ಕನ್ನು 900 ಡಿಗ್ರಿಗೆ ಕಾಯಿಸಿ, ಮೆತ್ತಗಿರುವಾಗಲೇ ಪ್ರೆಸ್ಸಿನಲ್ಲಿ ಆಕಾರ ಕೊಟ್ಟು, ತಣ್ಣನೆ ಡೈಯೊಳಗೇ ಗಡುಸು ಮಾಡುತ್ತಾರೆ. ಸ್ವೀಡನ್ನಿನಲ್ಲಿ ಹುಟ್ಟಿದ ವಿಧಾನ ಇದು. 1984ರಲ್ಲಿ ಸಾಬ್ 9000 ಕಾರಿನಲ್ಲಿ ಮೊದಲ ಸಲ ಬಳಸಿದರು. ಕುಲುಮೆಯಲ್ಲಿ ಕಪ್ಪು ಸಿಪ್ಪೆ ಏಳಬಾರದು ಅಂತ ಈ ಶೀಟಿಗೆ ಅಲ್ಯೂಮಿನಿಯಂ-ಸಿಲಿಕಾನ್ ಲೇಪ ಹಾಕುವುದು ಈಗ ಸಾಮಾನ್ಯ. ಕುಲುಮೆಯಲ್ಲಿ ಉಕ್ಕು ಆ ಲೇಪದೊಳಗೆ ಸೇರಿ ಗಡುಸಾದ, ಕರೆಂಟಿಗೆ ಅಡ್ಡ ಬರುವ ಪದರವಾಗುತ್ತದೆ. ಕುಲುಮೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಅದು ಬೆಳೆಯುತ್ತದೆ. ಇಂಥ ಶೀಟು ಟಿಪ್ಪಿಗೆ ಬಂದರೆ ಕಿಡಿ ಬೇಗ ಹಾರುತ್ತದೆ. ಅಂದರೆ ವೆಲ್ಡಿಂಗ್ ಶಾಪಿನಲ್ಲಿ ಕಾಣುವ ತೊಂದರೆಯ ಬೇರು ಹಾಟ್ ಸ್ಟಾಂಪಿಂಗ್ ಶಾಪಿನ ಕುಲುಮೆಯಲ್ಲಿ ಇರಬಹುದು. ಆಪರೇಟರನ್ನು ಬೈಯುವ ಮುಂಚೆ ಕುಲುಮೆಯ ದಾಖಲೆ ಕೇಳಿ.

ಅಲ್ಲಿ ಬೀಳುವ ಸ್ಪಾಟ್ ಸಾಮಾನ್ಯವಾಗಿ ಮೂರು ಪದರದ್ದು. ಹೊರಗೆ 0.7 ಮಿ.ಮೀ. ಮೆತ್ತನೆ ಬಾಡಿ ಪ್ಯಾನಲ್, ನಡುವೆ 1.6 ಮಿ.ಮೀ. ಬೋರಾನ್ ಉಕ್ಕು, ಒಳಗೆ 1.4 ಮಿ.ಮೀ. ಡ್ಯುಯಲ್ ಫೇಸ್. ಹೀಗಿದೆ ಅಂದುಕೊಳ್ಳಿ. ಶಾಖ ಹುಟ್ಟುವುದು ಒಟ್ಟು ದಪ್ಪದ ನಡುವಿನಲ್ಲಿ. ಎರಡು ಗಟ್ಟಿ ಶೀಟುಗಳು ಚೆನ್ನಾಗಿ ಕೂಡಿಕೊಳ್ಳುತ್ತವೆ. ತೆಳು ಶೀಟು ತಾಮ್ರದ ಟಿಪ್ಪಿಗೆ ಅಂಟಿಕೊಂಡಂತೆ ಇದೆ, ತಣ್ಣಗೇ ಉಳಿಯುತ್ತದೆ. ನಗೆಟ್ ಅಲ್ಲಿಯವರೆಗೆ ಬೆಳೆಯಲ್ಲ. ಮೇಲಿನಿಂದ ನೋಡಿದರೆ ಅಚ್ಚು ಚೆಂದವಾಗಿ ಬಿದ್ದಿರುತ್ತದೆ, ಉಳಿ ಹಾಕಿ ಎಬ್ಬಿಸಿದರೆ ಪ್ಯಾನಲ್ ಸುಮ್ನೆ ಎದ್ದು ಬರುತ್ತದೆ. ಇದಕ್ಕೆ ಒಂದು ಉಪಾಯ, ತೆಳು ಶೀಟಿನ ಕಡೆಗೆ ಮುಖ ಚಿಕ್ಕದಿರುವ ಟಿಪ್ಪು ಹಾಕುವುದು. ಇನ್ನೊಂದು, ಎರಡು ಹಂತದಲ್ಲಿ ಹಾಕುವುದು. ಮೊದಲು ಕಡಿಮೆ ಒತ್ತಡ, ಸ್ವಲ್ಪ ಹೊತ್ತು ಮಾತ್ರ ಜೋರು ಕರೆಂಟ್. ಸಂಪರ್ಕದ ರೆಸಿಸ್ಟೆನ್ಸ್ ಜಾಸ್ತಿ ಇರುವಾಗಲೇ ತೆಳು ಶೀಟಿನ ಸಂದು ಕಾಯುತ್ತದೆ. ಆಮೇಲೆ ಒತ್ತಡ ಏರಿಸಿ ನಡುವಿನ ನಗೆಟ್ ಬೆಳೆಸಬೇಕು. ಗಾಳಿಯ ಬದಲು ಮೋಟಾರಿನಿಂದ ಒತ್ತುವ ಸರ್ವೋ ಗನ್ ಇದ್ದರೆ ಇದು ಸಲೀಸು.

ನಗೆಟ್ ಗಡುಸಾಗುವುದು ಒಂದು ತೊಂದರೆ ಅಂದೆ. ಬೋರಾನ್ ಉಕ್ಕಿನಲ್ಲಿ ಅದರ ಪಕ್ಕದಲ್ಲೇ ಮೆತ್ತಗಾಗುವುದು ಇನ್ನೊಂದು ತೊಂದರೆ. ಶೀಟು ಮೊದಲೇ ಪೂರ್ತಿ ಮಾರ್ಟೆನ್ಸೈಟ್. ನಗೆಟ್ಟಿನಿಂದ ಸ್ವಲ್ಪ ದೂರದ ಉಂಗುರ ಕರಗುವಷ್ಟು ಕಾಯದೆ, ಹದವಾಗಿ ಮಾತ್ರ ಕಾದು ಟೆಂಪರ್ ಆಗಿಬಿಡುತ್ತದೆ, ಅಂದರೆ ಗಡುಸು ಇಳಿದು ಮೆತ್ತಗಾಗುತ್ತದೆ. 470 ವಿಕರ್ಸ್ ಇದ್ದದ್ದು ಆ ಉಂಗುರದಲ್ಲಿ 300ರ ಆಸುಪಾಸಿಗೆ ಬೀಳುತ್ತದೆ. ಡಿಕ್ಕಿಯಲ್ಲಿ ಪಿಲ್ಲರ್ ಬಾಗುವಾಗ ಹಿಗ್ಗುವಿಕೆ ಎಲ್ಲಾ ಆ ಸಣ್ಣ ಉಂಗುರಕ್ಕೇ ಬರುತ್ತದೆ. ಅಲ್ಲಿ ಹರಿಯಲು ಶುರುವಾದರೆ ಫ್ಲೇಂಜಿನ ಉದ್ದಕ್ಕೂ ಸ್ಪಾಟಿನಿಂದ ಸ್ಪಾಟಿಗೆ ಬಿರುಕು ಓಡಬಹುದು. ಅದಕ್ಕೇ ಕೆಲವು ಕಾರುಗಳಲ್ಲಿ ಸ್ಪಾಟ್ ಬೀಳುವ ಫ್ಲೇಂಜನ್ನು, ಇಲ್ಲಾ ಪಿಲ್ಲರಿನ ಕೆಳತುದಿಯನ್ನು ಬೇಕೆಂದೇ ಮೆತ್ತಗೆ ಬಿಡುತ್ತಾರೆ. ಡೈಯ ಆ ಭಾಗವನ್ನು ಬಿಸಿಯಾಗಿಟ್ಟರೆ ಅಲ್ಲಿ ಉಕ್ಕು ನಿಧಾನವಾಗಿ ತಣಿದು ಗಡುಸಾಗಲ್ಲ. ಸ್ಪಾಟುಗಳ ಜೊತೆ ಸ್ಟ್ರಕ್ಚರಲ್ ಅಂಟು ಹಾಕುವುದೂ ಒಳ್ಳೆಯ ದಾರಿ. ಪೇಂಟ್ ಓವನ್ನಿನಲ್ಲಿ ಗಟ್ಟಿಯಾಗುವ ಎಪಾಕ್ಸಿ ಪೀಲ್ ಎಳೆತವನ್ನು ಫ್ಲೇಂಜಿನ ಉದ್ದಕ್ಕೂ ಹಂಚುತ್ತದೆ.

ಮಧ್ಯೆ ಒಂದು ಹಳೇ ಕಥೆ. ಗಟ್ಟಿ ಶೀಟಿಗೆ ಸ್ಪಾಟ್ ಹಾಕುವ ತಲೆನೋವು ನಮ್ಮ ಕಾಲದ್ದಷ್ಟೇ ಅಲ್ಲ. ರೆಸಿಸ್ಟೆನ್ಸ್ ವೆಲ್ಡಿಂಗ್ ಅನ್ನು ಎಲಿಹು ಥಾಮ್ಸನ್ 1880ರ ದಶಕದಲ್ಲಿ ಕಂಡುಹಿಡಿದ. 1930ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಬಡ್ ಕಂಪನಿ ಸ್ಟೇನ್‌ಲೆಸ್ ಸ್ಟೀಲಿನ ರೈಲು ಬೋಗಿ ಕಟ್ಟಲು ಹೊರಟಿತು. ಉರುಳಿಸಿ ಗಟ್ಟಿ ಮಾಡಿದ ಆ ಶೀಟು ಜಾಸ್ತಿ ಹೊತ್ತು ಕಾದರೆ ಬಲವೂ ಹೋಗುತ್ತಿತ್ತು, ತುಕ್ಕು ತಡೆಯುವ ಗುಣವೂ ಹೋಗುತ್ತಿತ್ತು. ಅವರು ಕರೆಂಟನ್ನು ಜೋರಾಗಿ, ತುಂಬಾ ಕಡಿಮೆ ಹೊತ್ತು, ಅಳೆದು ಕೊಡುವ ವಿಧಾನ ಮಾಡಿಕೊಂಡರು. ಶಾಟ್‌ವೆಲ್ಡ್ ಅಂತ ಹೆಸರಿಟ್ಟರು. 1934ರಲ್ಲಿ ಓಡಿದ ಪಯೊನೀರ್ ಜೆಫಿರ್ ರೈಲು ಹೀಗೆ ಕಟ್ಟಿದ್ದು. ಟ್ರಾನ್ಸಿಸ್ಟರ್ ಕೂಡ ಇಲ್ಲದ ಕಾಲದಲ್ಲಿ ಅವರು ಪ್ರತಿ ಸ್ಪಾಟಿನ ಕರೆಂಟ್ ಮತ್ತು ಸಮಯದ ಮೇಲೆ ಅಷ್ಟು ಹಿಡಿತ ಇಟ್ಟುಕೊಂಡಿದ್ದರು ಅನ್ನುವುದು ನನಗೆ ಈಗಲೂ ತುಂಬಾ ಗೌರವ ಹುಟ್ಟಿಸುವ ವಿಷಯ.

ಕೊನೆಯದಾಗಿ ಪರೀಕ್ಷೆ. ನಮ್ಮಲ್ಲಿ ಉಳಿ ಟೆಸ್ಟೇ ದೇವರು. ಎರಡು ಸ್ಪಾಟಿನ ನಡುವೆ ಉಳಿ ಹಾಕಿ ಎಬ್ಬಿಸು, ಬಟನ್ ಬಂದರೆ ಪಾಸ್, ಇಲ್ಲದಿದ್ದರೆ ಫೇಲ್. ಮೈಲ್ಡ್ ಸ್ಟೀಲಿಗೆ ಇದು ಸರಿ. ಗಟ್ಟಿ ಗ್ರೇಡಿನಲ್ಲಿ ಎರಡೂ ಕಡೆ ಮೋಸ ಹೋಗಬಹುದು. ನಗೆಟ್ ಬೇಕಾದಷ್ಟು ಅಗಲ ಇದ್ದು, ಬೇಕಾದ ಭಾರ ತಾಳಿದ ಮೇಲೆ ಅದು ನಡುವೆ ಒಡೆದರೂ ಒಪ್ಪಬಹುದು. ಮುರಿದ ಬಗೆ ಒಂದನ್ನೇ ನೋಡಿ ತಿರಸ್ಕರಿಸಬಾರದು, ಭಾರವನ್ನೂ ನೋಡಬೇಕು. ಇನ್ನೊಂದು ಕಡೆ, ಅಚ್ಚು ಚೆನ್ನಾಗಿದೆ ಅಂತ ಪಾಸ್ ಮಾಡಿದ ಸ್ಪಾಟಿನೊಳಗೆ ಪೊಳ್ಳೋ ಬಿರುಕೋ ಇರಬಹುದು. ಹಾಗಾಗಿ ಹೊಸ ಗ್ರೇಡ್ ಬಂದಾಗ ಶಿಯರ್ ಟೆಸ್ಟ್, ಕ್ರಾಸ್ ಟೆನ್ಷನ್ ಟೆಸ್ಟ್ ಎರಡನ್ನೂ ಮಾಡಿಸಿ. ಐಎಸ್‌ಒ 14273 ಮತ್ತು 14272ರಲ್ಲಿ ಪಟ್ಟಿಯ ಅಳತೆ, ಎಳೆಯುವ ಬಗೆ ಎಲ್ಲಾ ಇದೆ. ಕೆಲವು ಸ್ಪಾಟುಗಳನ್ನು ಕತ್ತರಿಸಿ, ಗಡುಸುತನವನ್ನು ನಗೆಟ್ಟಿನ ನಡುವಿನಿಂದ ಶೀಟಿನವರೆಗೂ ಸಾಲಾಗಿ ಅಳೆಯಿರಿ. ಲೈನಿನಲ್ಲಿ ಪ್ರತಿದಿನದ ಕೆಲಸಕ್ಕೆ ಅಲ್ಟ್ರಾಸಾನಿಕ್ ಪ್ರೋಬ್ ಒಳ್ಳೆಯದು. ಆದರೆ ಅದನ್ನು ಹಿಡಿಯುವವರಿಗೆ, ಕತ್ತರಿಸಿದ ಸ್ಪಾಟನ್ನೂ ಸ್ಕ್ರೀನಿನ ಗೆರೆಯನ್ನೂ ಪಕ್ಕಪಕ್ಕ ಇಟ್ಟು ಕಲಿಸಬೇಕು.

ನನ್ನ ಮಾತು ಇಷ್ಟು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ವಿದ್ಯಾರ್ಥಿ ಕೇಳಿದರು: "ಸರ್, ನಗೆಟ್ ಗಡುಸಾಗುವುದೇ ತೊಂದರೆ ಅಂದರೆ, ಅಲ್ಲೇ ಮಷೀನಿನಲ್ಲೇ ಇನ್ನೊಂದು ಸಲ ಕಾಯಿಸಿ ಟೆಂಪರ್ ಮಾಡಬಹುದಲ್ವಾ?"

ಮಾಡಬಹುದು, ಮಾಡುತ್ತಾರೆ ಕೂಡ. ಮೊದಲ ಪಲ್ಸ್ ಆದ ಮೇಲೆ ನಗೆಟ್ ಮಾರ್ಟೆನ್ಸೈಟ್ ಆಗುವಷ್ಟು ತಣಿಯಲು ಬಿಡಬೇಕು. ಆಮೇಲೆ ಕಡಿಮೆ ಕರೆಂಟಿನ ಎರಡನೇ ಪಲ್ಸ್. ಅವಸರ ಮಾಡಿ ತಣಿಯುವ ಮುಂಚೆಯೇ ಎರಡನೇ ಪಲ್ಸ್ ಕೊಟ್ಟರೆ ಟೆಂಪರ್ ಆಗಲ್ಲ, ಪಲ್ಸ್ ನಿಂತ ಮೇಲೆ ಮತ್ತೆ ಗಡುಸೇ ಆಗುತ್ತದೆ. ಕಾಯುವುದಕ್ಕೆ ಹೊತ್ತು ಬೇಕು. ಕ್ಷಣಕ್ಷಣದ ಲೆಕ್ಕ ಇಡುವ ಲೈನಿನಲ್ಲಿ ಎಲ್ಲಾ ಸ್ಪಾಟಿಗೂ ಹೀಗೆ ಮಾಡಲಾಗಲ್ಲ. ಪೀಲ್ ಎಳೆತ ಬೀಳುವ ಆಯ್ದ ಸ್ಪಾಟುಗಳಿಗೆ ಮಾಡಿದರೆ ಲಾಭ ಇದೆ. ಅದಕ್ಕಿಂತ ಮೊದಲು ಡಿಸೈನ್ ಮಾಡುವವರು ಫ್ಲೇಂಜನ್ನು ತಿರುಗಿಸಿ ಎಳೆತ ಶಿಯರ್ ಆಗುವ ಹಾಗೆ ಮಾಡಿದರೆ ಇನ್ನೂ ಉತ್ತಮ. ಅದಕ್ಕೆ ಲೈನಿನಲ್ಲಿ ಒಂದು ಕ್ಷಣವೂ ಜಾಸ್ತಿ ಬೇಡ.

ಇನ್ನೊಬ್ಬರು, ಸಣ್ಣ ಘಟಕ ನಡೆಸುವವರು: "ನಮ್ಮ ಹತ್ತಿರ ಹಳೇ ಎಸಿ ಮಷೀನ್ ಇದೆ. ಮೀಡಿಯಂ ಫ್ರೀಕ್ವೆನ್ಸಿ ಡಿಸಿ ತಗೊಳ್ಳುವ ಶಕ್ತಿ ಈಗಿಲ್ಲ. ಗಟ್ಟಿ ಗ್ರೇಡಿನ ಆರ್ಡರ್ ಬಿಡಬೇಕಾ?"

590ಕ್ಕೆ ಬಿಡಬೇಕಾಗಿಲ್ಲ. ಒತ್ತಡ ಸಾಲುತ್ತಾ, ಫ್ರೇಮ್ ಬಾಗದೆ ತಡೆಯುತ್ತಾ ಅಂತ ಫೋರ್ಸ್ ಗೇಜ್ ಇಟ್ಟು ಅಳೆಯಿರಿ. ಗಾಳಿಗೆ ಬೇರೆ ಟ್ಯಾಂಕ್ ಇಡಿ. ಸಮಯ ಎರಡು ಮೂರು ಸೈಕಲ್ ಜಾಸ್ತಿ ಕೊಡಿ. ಸ್ಪಾಟುಗಳು ಒಂದಕ್ಕೊಂದು ತೀರಾ ಹತ್ತಿರ ಇದ್ದರೆ ಕರೆಂಟ್ ಪಕ್ಕದ ಸ್ಪಾಟಿನಲ್ಲಿ ಸೋರಿಹೋಗುತ್ತದೆ, ಆ ದೂರವನ್ನು ಡ್ರಾಯಿಂಗಿನಲ್ಲಿ ಮೊದಲೇ ನೋಡಿ ಗಿರಾಕಿ ಕಂಪನಿಯ ಜೊತೆ ಮಾತಾಡಿ. 980ಕ್ಕೆ, ಅದರಲ್ಲೂ ಜಿಂಕ್ ಲೇಪದ 980ಕ್ಕೆ, ಮಿಲಿಸೆಕೆಂಡ್ ಲೆಕ್ಕದಲ್ಲಿ ಕರೆಂಟ್ ಹಿಡಿತದಲ್ಲಿಡುವ ಡಿಸಿ ಮಷೀನ್ ಇಲ್ಲದೆ ನಾನಾದರೆ ಒಪ್ಪಿಕೊಳ್ಳುತ್ತಿರಲಿಲ್ಲ.

ಕೊನೆಯ ಪ್ರಶ್ನೆ ಗ್ಯಾರೇಜ್ ಇಟ್ಟುಕೊಂಡಿರುವವರಿಂದ: "ಅಪಘಾತವಾದ ಕಾರಿನ ಬಿ-ಪಿಲ್ಲರನ್ನು ಗ್ಯಾಸ್ ಹಾಕಿ ಕಾಯಿಸಿ ಎಳೆದು ಸರಿ ಮಾಡುತ್ತೇವೆ. ಅದು ತಪ್ಪಾ?"

ಬೋರಾನ್ ಉಕ್ಕಿನ ಪಿಲ್ಲರ್ ಆದರೆ ಖಂಡಿತ ಮಾಡಬೇಡಿ. ಗ್ಯಾಸ್ ಟಾರ್ಚ್ ತಾಗಿದ ಕಡೆ ಗಡುಸು ಹೋಗುತ್ತದೆ. ಅದನ್ನು ವಾಪಸ್ ತರಲು ಗ್ಯಾರೇಜಿನಲ್ಲಿ ಡೈಯೂ ಇಲ್ಲ, ಕುಲುಮೆಯೂ ಇಲ್ಲ. ತಣ್ಣಗೆ ಎಳೆದರೆ ಬಿರುಕು ಬಿಡಬಹುದು. ಪಾರ್ಟ್ ಬದಲಿಸಬೇಕು. ಎಲ್ಲಿ ಕತ್ತರಿಸಬೇಕು, ಯಾವ ಜಾಯಿಂಟಿಗೆ ಸ್ಪಾಟ್, ಯಾವುದಕ್ಕೆ ಮಿಗ್ ಬ್ರೇಜಿಂಗ್ ಅಂತ ಆ ಕಾರಿನ ರಿಪೇರಿ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಅದನ್ನು ಬಿಟ್ಟು ಬೇರೆ ಕಡೆ ಕತ್ತರಿಸಬೇಡಿ. ಹಳೇ ಸ್ಪಾಟ್ ಬಿಡಿಸಲು ಮಾಮೂಲಿ ಡ್ರಿಲ್ ಬಿಟ್ ಹಾಕಿ ನೋಡಿ, ಅದು ಕಚ್ಚದೆ ಜಾರಿದರೆ ನಿಮ್ಮ ಮುಂದಿರುವುದು ಬೋರಾನ್ ಉಕ್ಕು ಇರಬಹುದು. ಕಾರ್ಬೈಡ್ ಬಿಟ್ ಬೇಕಾಗುತ್ತದೆ. ಹೊಸ ಪಾರ್ಟ್ ಹಾಕುವ ಮುಂಚೆ ಕಿತ್ತ ಹಳೇ ಪಾರ್ಟಿನಿಂದಲೇ ಪೆಟ್ಟು ಬೀಳದ ಕಡೆ ಎರಡು ತುಂಡು ಕತ್ತರಿಸಿಕೊಳ್ಳಿ. ನಿಮ್ಮ ಮಷೀನಿನಲ್ಲಿ ಅವಕ್ಕೆ ಸ್ಪಾಟ್ ಹಾಕಿ, ವೈಸಿಗೆ ಕಟ್ಟಿ ಬಿಡಿಸಿ, ನಗೆಟ್ಟಿನ ಅಗಲವನ್ನು ವರ್ನಿಯರ್‌ನಲ್ಲಿ ಅಳೆಯಿರಿ. 1.6 ಮಿ.ಮೀ. ಶೀಟಿನಲ್ಲಿ 5 ಮಿ.ಮೀ. ಕೂಡ ಬರದಿದ್ದರೆ ಆ ಕಾರನ್ನು ಸರಿಯಾದ ಮಷೀನ್ ಇರುವ ಕಡೆಗೆ ಕಳಿಸಿಕೊಡಿ.